ಸೋಲುವುದು ಕ್ಲಬ್ಬು, ಏರುವುದು ರಕ್ತದೊತ್ತಡ

2024ರ ಸೆಪ್ಟೆಂಬರ್ ಮೊದಲ ವಾರದ ಒಂದು ಸಂಜೆ, ತಾಯಿಯೊಬ್ಬರು ತಮ್ಮ ಇಪ್ಪತ್ತೆಂಟು ವರ್ಷದ ಮಗನನ್ನು ನನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಬಂದರು. ಕರೆದುಕೊಂಡು ಬಂದರು ಎನ್ನುವುದಕ್ಕಿಂತ ಎಳೆದುಕೊಂಡು ಬಂದರು ಎಂದರೆ ಸರಿಯಾದೀತು. ಹುಡುಗ ನನಗೆ ಹೊಸಬನಲ್ಲ. ಶಾಲೆಗೆ ಹೋಗುತ್ತಿದ್ದಾಗ ಮಂಡಿ ತರಚಿಕೊಂಡು ಟೆಟನಸ್ ಇಂಜೆಕ್ಷನ್‌ಗೆ ಬರುತ್ತಿದ್ದವನು. ಈಗ ಒಳ್ಳೆಯ ಕಂಪನಿಯಲ್ಲಿ ಕೆಲಸ, ಕೈತುಂಬ ಸಂಬಳ.

ಅವನ ದೂರುಗಳು ಹೀಗಿದ್ದವು: ಎರಡು ತಿಂಗಳಿಂದ ಎದೆ ಢವಢವ ಎನ್ನುತ್ತದೆ, ಹೊಟ್ಟೆಯಿಂದ ಗಂಟಲವರೆಗೆ ಉರಿ, ರಾತ್ರಿ ನಿದ್ದೆ ಇಲ್ಲ, ಹಗಲು ಎಚ್ಚರವಿಲ್ಲ, ಸಣ್ಣ ಮಾತಿಗೂ ಸಿಡಿಮಿಡಿ. ರಕ್ತದೊತ್ತಡ ನೋಡಿದೆ. 148/94. ಈ ವಯಸ್ಸಿಗೆ ಇದು ಹೆಚ್ಚು. ಇಸಿಜಿ ಸರಿಯಾಗಿತ್ತು. ಥೈರಾಯ್ಡ್, ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳೂ ಮರುದಿನ ಸರಿಯಾಗಿಯೇ ಬಂದವು.

ಇಂಥ ಸಂದರ್ಭದಲ್ಲಿ ವೈದ್ಯ ಮಾಡಬೇಕಾದುದು ಒಂದೇ. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡು ಕೇಳುವುದು. ಆಫೀಸಿನಲ್ಲಿ ತೊಂದರೆಯೇ? ಇಲ್ಲ. ಸಾಲಸೋಲ? ಇಲ್ಲ. ತಾಯಿಯನ್ನು ಐದು ನಿಮಿಷ ಹೊರಗೆ ಕೂರಿಸಿ, ಪ್ರೀತಿ ಪ್ರೇಮದ ವಿಷಯವೇನಾದರೂ ಎಂದೆ. ಅದೂ ಇಲ್ಲ. ಕೊನೆಗೆ ತಾಯಿಯೇ ಒಳಗೆ ಬಂದು ಗುಟ್ಟು ಬಿಟ್ಟುಕೊಟ್ಟರು. "ಡಾಕ್ಟ್ರೇ, ಮನೇಲಿ ಯಾರೂ ಸತ್ತಿಲ್ಲ, ಆದ್ರೂ ಇವನು ಸೂತಕದ ಮನೆಯವರ ಹಾಗೆ ಕೂತಿರ್ತಾನೆ. ಎಲ್ಲಾ ಆ ಫುಟ್‌ಬಾಲಿಂದ."

ಹುಡುಗ ತಲೆ ತಗ್ಗಿಸಿದ. ಆಮೇಲೆ, ಅಪ್ಪನಿಗೆ ಹೇಳಲಾಗದ ತಪ್ಪನ್ನು ಒಪ್ಪಿಕೊಳ್ಳುವವನ ಹಾಗೆ ಹೇಳಿದ: "ನಾವು ಮ್ಯಾಕ್‌ಟಾಮಿನೇನ ಮಾರಿಬಿಟ್ವಿ, ಡಾಕ್ಟ್ರೇ."

ಓದುಗರು ನಗಬಹುದು. ನನಗೂ ನಗು ಬಂದಿತ್ತು. ಆದರೆ ಆ ವಾಕ್ಯದಲ್ಲಿದ್ದ 'ನಾವು' ಎಂಬ ಪದ ನನ್ನನ್ನು ತಡೆಯಿತು. ಮಾರಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಇಂಗ್ಲೆಂಡಿನ ಕ್ಲಬ್ಬು. ಕೊಂಡದ್ದು ಇಟಲಿಯ ನಾಪೊಲಿ. ಈ ಹುಡುಗ ಇರುವುದು ಎಂಟು ಸಾವಿರ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಆ ಕ್ಲಬ್ಬಿನಲ್ಲಿ ಇವನಿಗೆ ಒಂದು ಷೇರೂ ಇಲ್ಲ, ಅದರ ಮೈದಾನವನ್ನು ಕಣ್ಣಿಂದ ಕಂಡದ್ದೂ ಇಲ್ಲ. ಆದರೂ ಮಾರಿದ್ದು 'ನಾವು', ರಕ್ತದೊತ್ತಡ ಏರಿದ್ದು ಇವನದು.

ಬಾಜಿ ಗೀಜಿ ಕಟ್ಟುತ್ತೀಯಾ ಎಂದು ನೇರವಾಗಿಯೇ ಕೇಳಿದೆ. ಇಂಥ ಹುಡುಗರನ್ನು ನೋಡುವ ವೈದ್ಯರೆಲ್ಲರೂ ಈ ಪ್ರಶ್ನೆ ಕೇಳಬೇಕು, ಏಕೆಂದರೆ ಹಣ ಕಳೆದುಕೊಂಡವನ ನಿದ್ರಾಹೀನತೆಗೆ ಚಿಕಿತ್ಸೆಯೇ ಬೇರೆ. ಕಟ್ಟುವುದಿಲ್ಲ ಎಂದ. ತಾಯಿಯ ಮುಖ ನೋಡಿದರೆ ನಿಜವೆನಿಸಿತು. ಇವನದು ಬರಿಯ ಪ್ರೀತಿಯ ಕಾಯಿಲೆ.

ಹಟ್ಟಿಯಲ್ಲಿ ಹುಟ್ಟಿದ ಕರು

ರೋಗಿಯ ನೋವು ಅರ್ಥವಾಗಬೇಕಾದರೆ ಅವನ ಲೋಕ ಸ್ವಲ್ಪವಾದರೂ ತಿಳಿದಿರಬೇಕು. ನಾನು ಕ್ರಿಕೆಟ್ ಕಾಲದವನು. ಹುಡುಗನಿಂದಲೂ, ಅವನ ತಂದೆಯಿಂದಲೂ, ಆಮೇಲೆ ನಾನೇ ಓದಿಯೂ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಯುರೋಪಿನ ಫುಟ್‌ಬಾಲ್‌ನಲ್ಲಿ ಆಟಗಾರರನ್ನು ಕೊಳ್ಳಲು, ಮಾರಲು ವರ್ಷದಲ್ಲಿ ಎರಡೇ ಅವಧಿ. ಇದನ್ನು 'ಟ್ರಾನ್ಸ್‌ಫರ್ ವಿಂಡೋ' ಎನ್ನುತ್ತಾರೆ. 2002-03ರ ಋತುವಿನಿಂದ ಇದು ಎಲ್ಲ ಕಡೆ ಕಡ್ಡಾಯವಾಯಿತು. ಬೇಸಿಗೆಯ ಕಿಟಕಿ ಸುಮಾರು ಎರಡೂವರೆ ತಿಂಗಳು ತೆರೆದಿರುತ್ತದೆ, ಚಳಿಗಾಲದ್ದು ಜನವರಿಯಲ್ಲಿ. ಗಡುವು ಮುಗಿಯುವ ಗಳಿಗೆಯವರೆಗೂ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದು ನಿಶ್ಚಯವಿಲ್ಲ. 2015ರ ಆಗಸ್ಟ್ 31ರಂದು ಇದೇ ಕ್ಲಬ್ಬಿನ ಗೋಲ್‌ಕೀಪರ್ ಡೇವಿಡ್ ಡಿ ಹೆಯಾ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ಹೋಗುವುದು ಬಹುತೇಕ ನಿಶ್ಚಯವಾಗಿತ್ತು. ಕಾಗದಪತ್ರಗಳು ಗಡುವಿನೊಳಗೆ ತಲುಪದೆ ಅವರು ಇಲ್ಲೇ ಉಳಿದರು. ತಡ ಮಾಡಿದ್ದು ನೀವು, ಅಲ್ಲ ನೀವು, ಎಂದು ಎರಡು ಕ್ಲಬ್ಬುಗಳೂ ಹೇಳಿಕೆ ಕೊಟ್ಟವು. ಕೋಟಿಗಟ್ಟಲೆ ಹಣದ ವ್ಯವಹಾರ, ಕೊನೆಗೆ ನಮ್ಮ ತಾಲ್ಲೂಕು ಕಚೇರಿಯ ಕಡತದ ಕಥೆ.

2024ರ ಬೇಸಿಗೆಯ ಗಡುವು ಆಗಸ್ಟ್ 30ರ ರಾತ್ರಿ 11 ಗಂಟೆಗಿತ್ತು. ಅದು ಇಂಗ್ಲೆಂಡಿನ ಗಂಟೆ. ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ. ಹುಡುಗ ಅಲ್ಲಿಯತನಕ ಮೊಬೈಲ್ ಹಿಡಿದು ಎಚ್ಚರವಿದ್ದ. ಆ ದಿನವೇ ಸ್ಕಾಟ್ ಮ್ಯಾಕ್‌ಟಾಮಿನೇ ಮಾರಾಟವಾದದ್ದು. ಬಾಲ್ಯದಿಂದ ಆ ಕ್ಲಬ್ಬಿನ ಶಾಲೆಯಲ್ಲೇ ಬೆಳೆದವರು. ಅವರನ್ನೇ ಏಕೆ ಮಾರಬೇಕಿತ್ತು? ಇಲ್ಲೊಂದು ಲೆಕ್ಕದ ಸೂಕ್ಷ್ಮವಿದೆ. ಹೊರಗಿನಿಂದ ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. ಮನೆಯಲ್ಲೇ ಬೆಳೆದವನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ, ಆದ್ದರಿಂದ ಮಾರಿದಾಗ ಬಂದ ಹಣವೆಲ್ಲ ಆ ವರ್ಷದ ಲಾಭ. ಕ್ಲಬ್ಬುಗಳು ಎಷ್ಟು ನಷ್ಟ ಮಾಡಬಹುದು ಎಂಬುದಕ್ಕೆ ಪ್ರೀಮಿಯರ್ ಲೀಗ್ ಆಗ ಮಿತಿ ಹಾಕಿದ್ದರಿಂದ, ಸಂತೆಯಿಂದ ತಂದ ಎತ್ತಿಗಿಂತ ಹಟ್ಟಿಯಲ್ಲಿ ಹುಟ್ಟಿದ ಕರುವನ್ನು ಮಾರುವುದು ಲೆಕ್ಕಿಗರಿಗೆ ಹೆಚ್ಚು ಅನುಕೂಲ. ಮನೆಯವರಿಗೆ ಯಾವುದು ಹೆಚ್ಚು ಸಂಕಟ ಎಂಬುದನ್ನು ಹಸು ಸಾಕಿದವರಿಗೆ ಹೇಳಬೇಕಾಗಿಲ್ಲ. ಆ ಆಟಗಾರ ಮರುವರ್ಷವೇ ನಾಪೊಲಿಗೆ ಇಟಲಿಯ ಲೀಗ್ ಗೆಲ್ಲಿಸಿಕೊಟ್ಟು, ಆ ಲೀಗಿನ ಅತ್ಯುತ್ತಮ ಆಟಗಾರನೆಂಬ ಬಿರುದನ್ನೂ ಪಡೆದರು.

ಕೊಂಡದ್ದರ ಕಥೆಯೂ ಹೀಗೆಯೇ. ಪಾಲ್ ಪೋಗ್ಬಾ 2012ರಲ್ಲಿ ಹೆಚ್ಚುಕಡಿಮೆ ಬಿಟ್ಟಿಯಾಗಿ ಕ್ಲಬ್ ಬಿಟ್ಟರು. 2016ರಲ್ಲಿ ಅವರನ್ನೇ ಸುಮಾರು 8.9 ಕೋಟಿ ಪೌಂಡ್ ಕೊಟ್ಟು ವಾಪಸ್ ತಂದರು. 2022ರಲ್ಲಿ ಅವರು ಮತ್ತೆ ಬಿಟ್ಟಿಯಾಗಿ ಹೋದರು. ಅದೇ ವರ್ಷ ಹಾಲೆಂಡಿನಿಂದ ಆಂಟನಿ ಎಂಬ ಬ್ರೆಜಿಲ್ ಆಟಗಾರನನ್ನು ಎಂಟು ಕೋಟಿಗೂ ಹೆಚ್ಚು ಪೌಂಡ್ ಕೊಟ್ಟು ಕೊಂಡು, 2025ರಲ್ಲಿ ಅದರ ಸುಮಾರು ಕಾಲುಭಾಗದ ಬೆಲೆಗೆ ಮಾರಿದರು. 2024ರ ಬೇಸಿಗೆಯಲ್ಲಿ ತರಬೇತುದಾರ ಎರಿಕ್ ಟೆನ್ ಹಾಗ್ ಅವರ ಒಪ್ಪಂದ ವಿಸ್ತರಿಸಿ, ಅಕ್ಟೋಬರ್‌ನಲ್ಲಿ ಕೆಲಸದಿಂದ ತೆಗೆದರು. ಆಟಗಾರರ ಖರೀದಿ ನೋಡಿಕೊಳ್ಳಲೆಂದು ತಿಂಗಳುಗಟ್ಟಲೆ ಕಾದು ಕರೆಸಿಕೊಂಡ ನಿರ್ದೇಶಕರು ಐದೇ ತಿಂಗಳಲ್ಲಿ ಹೊರಟರು.

ಇದರ ಹಿಂದೆ ಇನ್ನೂ ಹಳೆಯ ಗಾಯವೊಂದಿದೆ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಈ ಕ್ಲಬ್ಬನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡಿತು. ಹಣದ ಬಹುಪಾಲು ಸಾಲ, ಅದರಲ್ಲಿ ದೊಡ್ಡ ಮೊತ್ತ ಬಿದ್ದದ್ದು ಕ್ಲಬ್ಬಿನ ತಲೆಯ ಮೇಲೆಯೇ. ಯಾರೋ ಬಂದು ನಿಮ್ಮ ಮನೆಯನ್ನೇ ಅಡವಿಟ್ಟು ನಿಮ್ಮ ಮನೆಯನ್ನು ಕೊಂಡು, ಕಂತನ್ನು ನಿಮ್ಮ ಕೈಯಲ್ಲೇ ಕಟ್ಟಿಸಿದರೆ ಹೇಗಿರುತ್ತದೆ? ಅದಕ್ಕೆ ಮುಂಚೆ ಕ್ಲಬ್ಬಿಗೆ ಸಾಲವೇ ಇರಲಿಲ್ಲ. 1878ರಲ್ಲಿ ರೈಲ್ವೆ ಬೋಗಿ ಕಾರ್ಖಾನೆಯ ಕೆಲಸಗಾರರು ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ ಕಟ್ಟಿಕೊಂಡ ತಂಡ ಅದು.

ನೋವಿಗೆ ಕೊನೆಯ ಸೀಟಿ ಇಲ್ಲ

ಈಗ ದೇಹದ ವಿಷಯಕ್ಕೆ ಬರೋಣ.

ಪಂದ್ಯದ ದಿನದ ಉದ್ವೇಗ ಹೃದಯಕ್ಕೆ ಏನು ಮಾಡುತ್ತದೆ ಎಂಬುದನ್ನು ವೈದ್ಯರು ಚೆನ್ನಾಗಿಯೇ ಅಳೆದಿದ್ದಾರೆ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ಲೆಕ್ಕ ಇಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯ ಸಂಬಂಧಿ ತುರ್ತು ಪ್ರಕರಣಗಳು ಉಳಿದ ದಿನಗಳಿಗಿಂತ 2.66 ಪಟ್ಟು ಹೆಚ್ಚಿದ್ದವು. ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಪಂದ್ಯ ಶುರುವಾದ ಮೊದಲ ಎರಡು ಗಂಟೆಗಳಲ್ಲೇ ಹೆಚ್ಚು. ಮೊದಲೇ ಹೃದ್ರೋಗವಿದ್ದವರಿಗೆ ಅಪಾಯ ಇನ್ನೂ ಜಾಸ್ತಿ. 1998ರ ಜೂನ್ 30ರಂದು ಇಂಗ್ಲೆಂಡ್ ತಂಡ ಅರ್ಜೆಂಟೀನಾ ಎದುರು ಪೆನಾಲ್ಟಿಗಳಲ್ಲಿ ಸೋತಿತು. ಆ ದಿನ ಮತ್ತು ನಂತರದ ಎರಡು ದಿನ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೃದಯಾಘಾತವೆಂದು ಸೇರಿದವರ ಸಂಖ್ಯೆ ಶೇಕಡಾ 25ರಷ್ಟು ಏರಿತ್ತು. (ಮ್ಯೂನಿಕ್ ಲೆಕ್ಕದಲ್ಲಿ ಅತಿ ಹೆಚ್ಚು ಪ್ರಕರಣಗಳು ಕಂಡ ಪಂದ್ಯಗಳಲ್ಲೊಂದು ಕೂಡ ಜೂನ್ 30ರದೇ, ಎದುರಾಳಿ ಅರ್ಜೆಂಟೀನಾವೇ, ತೀರ್ಮಾನ ಪೆನಾಲ್ಟಿಯಲ್ಲೇ. ಕಾಕತಾಳೀಯ, ಅಷ್ಟೆ.)

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಆಟ ಇದು. ಉದ್ವೇಗವಾದಾಗ ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತದೆ. ನಾಡಿ ಓಡುತ್ತದೆ, ರಕ್ತನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹುಲಿ ಎದುರಾದರೆ ಓಡಲೆಂದು ಪ್ರಕೃತಿ ಕೊಟ್ಟ ಏರ್ಪಾಡು. ಓಡಿದರೆ ಅದು ಖರ್ಚಾಗುತ್ತದೆ. ಸೋಫಾದ ಮೇಲೆ ಚಿಪ್ಸ್ ಪೊಟ್ಟಣ ಹಿಡಿದು ಕುಳಿತವನಿಗೆ ಅದು ಎಲ್ಲಿ ಖರ್ಚಾಗಬೇಕು?

ಆದರೆ ಪಂದ್ಯಕ್ಕೆ ಒಂದು ಗುಣವಿದೆ. ತೊಂಬತ್ತು ನಿಮಿಷಕ್ಕೆ ರೆಫರಿ ಸೀಟಿ ಊದುತ್ತಾನೆ. ಸೋತರೆ ಒಂದು ರಾತ್ರಿ ಬೇಸರ, ಎರಡು ದಿನ ಮುನಿಸು, ಮುಗಿಯಿತು. ನಮ್ಮ ಹುಡುಗನ ತೊಂದರೆ ಸೋಲಿನದಲ್ಲ. ಆಡಳಿತ ಕೆಟ್ಟಿದೆ, ತಪ್ಪು ನಡೆಯುತ್ತಿದೆ, ನೋಡುತ್ತಿದ್ದೇನೆ, ಏನೂ ಮಾಡಲಾರೆ ಎಂಬ ಸಂಕಟಕ್ಕೆ ಸೀಟಿ ಊದುವವರಿಲ್ಲ. ಅದು ಜೂನ್‌ನಿಂದ ಆಗಸ್ಟ್‌ವರೆಗೆ ಸಣ್ಣ ಉರಿಯಲ್ಲಿ ಬೇಯುತ್ತಲೇ ಇರುತ್ತದೆ. ಇಲ್ಲಿ ಕೆಲಸ ಮಾಡುವುದು ಕಾರ್ಟಿಸಾಲ್ ಎಂಬ ನಿಧಾನದ ರಸದೂತ. ಹೊತ್ತಲ್ಲದ ಹೊತ್ತಿನಲ್ಲಿ ಅದು ಏರಿ ಕುಳಿತರೆ ನಿದ್ದೆ ಕೆಡುತ್ತದೆ, ಹಸಿವೆ ಅಡ್ಡದಾರಿ ಹಿಡಿಯುತ್ತದೆ, ಸೊಂಟದ ಸುತ್ತ ಕೊಬ್ಬು ಸೇರುತ್ತದೆ, ರಕ್ತದ ಸಕ್ಕರೆಯೂ ಮೆಲ್ಲಗೆ ಏರುತ್ತದೆ.

'ಏನೂ ಮಾಡಲಾರೆ' ಎಂಬುದರ ಮೇಲೆ ಸ್ವಲ್ಪ ನಿಲ್ಲಬೇಕು. ಜೇ ವೈಸ್ ಎಂಬ ಅಮೆರಿಕದ ವಿಜ್ಞಾನಿ 1970ರ ಸುಮಾರಿನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಎರಡು ಇಲಿಗಳ ಬಾಲಕ್ಕೂ ಒಂದೇ ಬಗೆಯ, ಒಂದೇ ಪ್ರಮಾಣದ ವಿದ್ಯುತ್ ಶಾಕ್. ಒಂದು ಇಲಿಗೆ ಮಾತ್ರ ಚಕ್ರವೊಂದನ್ನು ತಿರುಗಿಸಿ ಶಾಕನ್ನು ತಪ್ಪಿಸುವ ಅವಕಾಶವಿತ್ತು. ಅದು ತಪ್ಪಿಸಿದರೆ ಇನ್ನೊಂದಕ್ಕೂ ತಪ್ಪುತ್ತಿತ್ತು. ಎರಡೂ ತಿಂದ ಶಾಕ್ ಒಂದೇ, ಆದರೆ ಕೈಯಲ್ಲಿ ಏನೂ ಇಲ್ಲದ ಇಲಿಯ ಜಠರದಲ್ಲಿ ಹುಣ್ಣು ಬಹಳ ಹೆಚ್ಚು. ಲಂಡನ್ನಿನ ಸರಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲೂ, ತಮ್ಮ ಕೆಲಸದ ಮೇಲೆ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು 1990ರ ದಶಕದಲ್ಲಿ ಕಂಡುಬಂತು. ಮೇಲಧಿಕಾರಿಗೆ ಹೆಚ್ಚು ಒತ್ತಡ, ಆದ್ದರಿಂದ ಅವನಿಗೇ ಹೃದಯಾಘಾತ ಎಂಬ ನಮ್ಮ ಹಳೆಯ ನಂಬಿಕೆ ತಲೆಕೆಳಗಾಯಿತು.

ಮ್ಯಾಂಚೆಸ್ಟರಿನ ಜನ ತಿರುಗಿಸಲು ತಮ್ಮದೇ ಚಕ್ರಗಳನ್ನು ಹುಡುಕಿಕೊಂಡರು. 2005ರಲ್ಲಿ ಒಂದಷ್ಟು ಅಭಿಮಾನಿಗಳು ಸಿಡಿದು ಹೊರಬಂದು 'ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್' ಎಂಬ ಸ್ವಂತ ಕ್ಲಬ್ಬನ್ನೇ ಕಟ್ಟಿದರು. ಸದಸ್ಯರೇ ಮಾಲೀಕರು, ತಲೆಗೊಂದು ಮತ. ಇಂಗ್ಲಿಷ್ ಫುಟ್‌ಬಾಲಿನ ಹತ್ತನೆಯ ಮೆಟ್ಟಿಲಿನಿಂದ ಶುರುಮಾಡಿ, 2015ರಲ್ಲಿ ತಮ್ಮದೇ ಮೈದಾನವನ್ನೂ ಮಾಡಿಕೊಂಡರು. ಉಳಿದವರು 2010ರಲ್ಲಿ ಕ್ಲಬ್ಬಿನ ಕೆಂಪು ಬಣ್ಣ ಬಿಟ್ಟು, ಹಳೆಯ ನ್ಯೂಟನ್ ಹೀತ್‌ನ ಹಸಿರು-ಹೊನ್ನಿನ ಶಾಲು ಹೊದ್ದು ಬಂದರು. ಮಿಲಾನ್ ತಂಡದ ಪರ ಆಡಲು ಬಂದಿದ್ದ ಡೇವಿಡ್ ಬೆಕಮ್ ಕೂಡ ಅಂಥದೊಂದನ್ನು ಕೊರಳಿಗೆ ಹಾಕಿಕೊಂಡಿದ್ದರು. 2021ರ ಏಪ್ರಿಲ್‌ನಲ್ಲಿ ಶ್ರೀಮಂತ ಕ್ಲಬ್ಬುಗಳೆಲ್ಲ ಸೇರಿ ತಮ್ಮದೇ 'ಸೂಪರ್ ಲೀಗ್' ಮಾಡಿಕೊಳ್ಳಹೊರಟಾಗ ಅಭಿಮಾನಿಗಳ ಸಿಟ್ಟಿಗೆ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನದಲ್ಲಿ ಹಿಂದೆ ಸರಿದವು. ಆ ಮೇ 2ರಂದು ಜನ ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ಎದುರಿನ ಪಂದ್ಯವೇ ಮುಂದೂಡಲ್ಪಟ್ಟಿತು. ಇದನ್ನು ನಾನು ಮೆಚ್ಚುತ್ತಿಲ್ಲ, ನೂಕುನುಗ್ಗಲಿನಲ್ಲಿ ಗಾಯವಾದವರಿಗೆ ಹೊಲಿಗೆ ಹಾಕುವವರು ನಮ್ಮಂಥವರೇ. ಆದರೆ ಅದರ ಬೆನ್ನಿಗೇ ನಡೆದ ಸರಕಾರಿ ಪರಿಶೀಲನೆಯಿಂದ 2025ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಳಿತಕ್ಕೆಂದೇ ಒಂದು ಕಾಯಿದೆ ಬಂತು, ಸ್ವತಂತ್ರ ನಿಯಂತ್ರಕರಿಗೆ ಕಾನೂನಿನ ಬಲ ಬಂತು. ಕೂಗಿದವರ ದನಿ ಪೂರ್ತಿ ವ್ಯರ್ಥವಾಗಲಿಲ್ಲ.

ನಮ್ಮ ಬೆಂಗಳೂರಿನ ಹುಡುಗನಿಗೆ ಈ ಯಾವ ಚಕ್ರವೂ ಇಲ್ಲ. ಟಿಕೆಟ್ ಕೊಳ್ಳುವುದನ್ನು ನಿಲ್ಲಿಸುತ್ತೇನೆ ಎನ್ನಲು ಟಿಕೆಟ್ ಕೊಂಡವನೇ ಅಲ್ಲ. ಅವನ ಕೈಯಲ್ಲಿರುವುದು ಮೊಬೈಲ್. ಅದು ಚಕ್ರದ ಹಾಗೆ ಕಾಣುತ್ತದೆ, ತಿರುಗಿಸಿದರೆ ಶಾಕ್ ಮಾತ್ರ ನಿಲ್ಲುವುದಿಲ್ಲ. ಬದಲಿಗೆ ಇನ್ನೊಂದು ಅಂಟು ಹತ್ತಿಕೊಳ್ಳುತ್ತದೆ. ಪಾರಿವಾಳಕ್ಕೆ ಗುಂಡಿ ಒತ್ತಿದಾಗಲೆಲ್ಲ ಕಾಳು ಬಿದ್ದರೆ ಹಸಿದಾಗ ಮಾತ್ರ ಒತ್ತುತ್ತದೆ. ಯಾವಾಗಲೋ ಒಮ್ಮೆ ಬಿದ್ದರೆ ಸುಸ್ತಾಗುವವರೆಗೂ ಒತ್ತುತ್ತಲೇ ಇರುತ್ತದೆ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ತೋರಿಸಿ ಎಷ್ಟೋ ದಶಕಗಳಾದವು. 'ಇಂಥ ಆಟಗಾರ ಬರುತ್ತಾನಂತೆ', 'ಇಲ್ಲವಂತೆ', 'ವೈದ್ಯಕೀಯ ಪರೀಕ್ಷೆಗೆ ವಿಮಾನ ಹತ್ತಿದನಂತೆ' ಎಂಬ ಸುದ್ದಿಗಳು ಆ ಕಾಳುಗಳೇ. ಹುಡುಗ ಲೆಕ್ಕ ಹಾಕಿ ಹೇಳಿದ: ಆಗಸ್ಟ್ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಮುಂಚೆ ಮಲಗಿದ ದಿನ ಆರೋ ಏಳೋ. ದಿನಕ್ಕೆ ಆರು ಕಾಫಿ. ರಾತ್ರಿ ಹನ್ನೊಂದಕ್ಕೆ ತರಿಸಿಕೊಂಡ ಬಿರಿಯಾನಿ. ಎದೆಯುರಿಗೆ ಬೇರೆ ಕಾರಣ ಬೇಕೆ?

ಅವನಿಗೆ ರಕ್ತದೊತ್ತಡದ ಮಾತ್ರೆ ಬರೆಯಲಿಲ್ಲ. ಎರಡು ವಾರದ ಮಟ್ಟಿಗೆ ಆಮ್ಲ ತಗ್ಗಿಸುವ ಮಾತ್ರೆ, ಊಟ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಕಾಫಿ ಬೇಡ, ರಾತ್ರಿ ಮೊಬೈಲ್ ಅಮ್ಮನ ಕೋಣೆಯಲ್ಲಿ. ತಾಯಿಗೂ ಒಂದು ಮಾತು ಹೇಳಿದೆ. "ಅಮ್ಮಾ, ಯಾವುದೋ ದೇಶದ ಆಟಕ್ಕೆ ಅಳ್ತೀಯಲ್ಲ ಅಂತ ಮಾತ್ರ ಹಂಗಿಸಬೇಡಿ." ಹಂಗಿಸಿದರೆ ಸಂಕಟದ ಜೊತೆಗೆ ನಾಚಿಕೆಯೂ ಸೇರಿಕೊಂಡು, ನೋವನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. 1976ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರಾಬರ್ಟ್ ಚಾಲ್ಡೀನಿ ಎಂಬವರು ಒಂದು ತಮಾಷೆ ಗಮನಿಸಿದ್ದರು. ತಂಡ ಗೆದ್ದರೆ ವಿದ್ಯಾರ್ಥಿಗಳು 'ನಾವು ಗೆದ್ದೆವು' ಎನ್ನುವುದು ಹೆಚ್ಚು, ಸೋತರೆ 'ಅವರು ಸೋತರು' ಎನ್ನುವುದು ಹೆಚ್ಚು. ಜಾಣರ ಲಕ್ಷಣ. ಸೋತಾಗಲೂ 'ನಾವು' ಎನ್ನುವವನು ಮೋಸಗಾರನಲ್ಲ, ಅವನಿಗೆ ಒಂದಿಷ್ಟು ಮರ್ಯಾದೆ ಸಲ್ಲಬೇಕು.

ಆದರೆ ಆ ದಿನ ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆ ಕೇಳಲಿಲ್ಲ. ಈ ಪಂದ್ಯಗಳನ್ನು ಅವನ ಜೊತೆ ಕುಳಿತು ಇನ್ಯಾರು ನೋಡುತ್ತಾರೆ?

ಆ ರಾತ್ರಿ

ಹುಡುಗನ ತಂದೆಗೆ ಆಗ ಅರವತ್ತೊಂದು. ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರೂ ನನ್ನ ರೋಗಿಯೇ. 2019ರಲ್ಲಿ ಹೃದಯದ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಚೆನ್ನಾಗಿಯೇ ಇದ್ದರು. ಪ್ರಾಯದಲ್ಲಿ ಕಾರ್ಖಾನೆಯ ತಂಡಕ್ಕೆ ಆಡಿದವರು. ಆಸ್ಟಿನ್ ಟೌನಿನ ಮೈದಾನದ ಕೆಂಪು ಧೂಳಿನ ಬಗ್ಗೆ ಮಾತು ಶುರುಮಾಡಿದರೆ ನನ್ನ ಹೊರಗಿನ ಬೆಂಚಿನಲ್ಲಿ ಜನ ಹೆಚ್ಚುತ್ತಿದ್ದರು. ಆ ತಂಡವನ್ನು ಮೇಲಿನವರು ಒಂದು ಸುತ್ತೋಲೆಯಲ್ಲಿ ಮುಚ್ಚಿದರಂತೆ. ನೋಟಿಸ್ ಬೋರ್ಡಿನಲ್ಲಿ ಓದಿ ತಿಳಿದದ್ದು. ಅದನ್ನು ಹೇಳುವಾಗ ಅವರ ದನಿ ಮಗನ ದನಿಯ ಹಾಗೆಯೇ ಆಗುತ್ತಿತ್ತು. 2023ರಲ್ಲಿ ಕರ್ನಾಟಕ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನನಗೆ ಮೈಸೂರು ಪಾಕ್ ತಂದುಕೊಟ್ಟಿದ್ದರು. "ನೀವು ತಿನ್ನಬೇಡಿ" ಎಂದು ಹೇಳಿ ನಾನೇ ತಿಂದಿದ್ದೆ.

2025ರ ಮೇ 21. ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಾ ಲೀಗಿನ ಫೈನಲ್, ಎದುರಾಳಿ ಟಾಟನ್‌ಹ್ಯಾಮ್. ಲೀಗಿನಲ್ಲಿ ಯುನೈಟೆಡ್‌ಗೆ ಕೊನೆಗೆ ದಕ್ಕಿದ್ದು ಹದಿನೈದನೆಯ ಸ್ಥಾನ. ಇದೊಂದನ್ನು ಗೆದ್ದರೆ ವರ್ಷದ ಮಾನ ಉಳಿಯುತ್ತದೆ ಎಂಬ ಸ್ಥಿತಿ. ನಮ್ಮಲ್ಲಿ ಪಂದ್ಯ ಶುರುವಾಗುವುದು ರಾತ್ರಿ ಹನ್ನೆರಡೂವರೆಗೆ. ತಂದೆ ಮಗ ಇಬ್ಬರೂ ಕುಳಿತರು.

ತಂದೆ ಅಂದು ರಾತ್ರಿಯ ಮಾತ್ರೆ ತೆಗೆದುಕೊಂಡಿರಲಿಲ್ಲ. "ಅದನ್ನ ತಿಂದ್ರೆ ನಿದ್ದೆ ಬಂದ್ಬಿಡುತ್ತೆ, ಮ್ಯಾಚ್ ಮುಗೀಲಿ" ಎಂದು ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು. 42ನೆಯ ನಿಮಿಷದಲ್ಲಿ ಟಾಟನ್‌ಹ್ಯಾಮ್ ಗೋಲು ಹೊಡೆಯಿತು. ವಿರಾಮದ ಹೊತ್ತಿಗೆ ಅವರಿಗೆ ಎದೆಯ ನಡುವೆ ಏನೋ ಅದುಮಿದಂತಾಯಿತು. ಗ್ಯಾಸ್ ಎಂದುಕೊಂಡರು. ಆಮ್ಲಕ್ಕೆ ಕುಡಿಯುವ ಗುಲಾಬಿ ಔಷಧಿ ಎರಡು ಮುಚ್ಚಳ ಕುಡಿದರು. ಎರಡನೆಯ ಅವಧಿ ಶುರುವಾಯಿತು. ಒತ್ತು ಎಡದವಡೆಗೆ ಏರಿತು. ಹೇಳಿದರೆ ಮಗ ಪಂದ್ಯ ಬಿಟ್ಟು ಏಳುತ್ತಾನೆ, ಇನ್ನು ನಲವತ್ತೇ ನಿಮಿಷ ತಾನೆ ಎಂದು ಸುಮ್ಮನಿದ್ದರು.

ಮಗ ಕಂಡದ್ದು ಟಿ.ವಿ. ಬೆಳಕಿನಲ್ಲಿ ಹೊಳೆಯುತ್ತಿದ್ದ ಅಪ್ಪನ ಹಣೆಯನ್ನು. ಫ್ಯಾನ್ ತಿರುಗುತ್ತಿತ್ತು. "ಅಪ್ಪ, ಯಾಕಿಷ್ಟು ಬೆವರ್ತಾ ಇದೀರ?" ಎಂದ. ಅವರು ಪರದೆಯ ಕಡೆ ಕೈ ತೋರಿಸಿ, "ಕೂತ್ಕೊ, ಕಾರ್ನರ್ ಇದೆ" ಎಂದರು.

ಅವನು ಕೂರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅವರು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದರು. ಇಸಿಜಿಯಲ್ಲಿ ಬದಲಾವಣೆ ಇತ್ತು. ಬೆಳಗಾಗುವುದರೊಳಗೆ ಆಂಜಿಯೋಗ್ರಾಂ ಆಗಿ, ಹಿಂದಿನದಲ್ಲದ ಇನ್ನೊಂದು ರಕ್ತನಾಳ ಮುಕ್ಕಾಲಿಗೂ ಮಿಕ್ಕಿ ಕಟ್ಟಿರುವುದು ತಿಳಿದು ಸ್ಟೆಂಟ್ ಹಾಕಿದರು. ಹೃದಯದ ಸ್ನಾಯುವಿಗೆ ಆದ ಹಾನಿ ಅಲ್ಪ. ಇನ್ನೊಂದು ಗಂಟೆ ತಡವಾಗಿದ್ದರೆ ಈ ಲೇಖನ ಬೇರೆ ಬಗೆಯದಾಗುತ್ತಿತ್ತು. ಅತ್ತ ಯುನೈಟೆಡ್ ಒಂದು ಗೋಲಿನಿಂದ ಸೋತಿತು.

ಮರುವಾರ ಮಗ ಒಬ್ಬನೇ ಬಂದು ಕುಳಿತ. "ನಾನೇ ಅಪ್ಪನಿಗೆ ಈ ಹುಚ್ಚು ಹಿಡಿಸಿದ್ದು, ಡಾಕ್ಟ್ರೇ." ಅವನಿಗೆ ನಿಜವನ್ನೇ ಹೇಳಿದೆ. ಆ ರಕ್ತನಾಳ ಒಂದು ರಾತ್ರಿಯಲ್ಲಿ ಕಟ್ಟಿದ್ದಲ್ಲ, ವರ್ಷಗಳಿಂದ ಕಟ್ಟುತ್ತಿತ್ತು. ಒಣಹುಲ್ಲಿನ ಮೆದೆ ಮೊದಲೇ ಇತ್ತು, ಪಂದ್ಯ ಕಿಡಿಯಾಯಿತು. ಬಿಟ್ಟ ಮಾತ್ರೆ ಗಾಳಿಯಾಯಿತು. ಬೆವರನ್ನು ನೋಡಿ ಎಬ್ಬಿಸಿದವನು ನೀನು, ಅದನ್ನೂ ಲೆಕ್ಕಕ್ಕೆ ಹಿಡಿ ಎಂದೆ.

ಮನೆಯಲ್ಲಿ ಹೃದ್ರೋಗಿಗಳೂ ಆಟದ ಹುಚ್ಚೂ ಎರಡೂ ಇದ್ದರೆ, ಅದು ಫುಟ್‌ಬಾಲ್ ಆಗಲಿ ಕ್ರಿಕೆಟ್ ಆಗಲಿ, ದಯವಿಟ್ಟು ಗಮನಿಸಿ. ಪಂದ್ಯದ ದಿನ ಮಾತ್ರೆಯನ್ನು ಮುಂದೂಡಬಾರದು. ಅಂದೇ ಅದರ ಅಗತ್ಯ ಹೆಚ್ಚು. ಕೆಲವು ಹೃದಯದ ಮಾತ್ರೆಗಳು ಮಾಡುವ ಕೆಲಸವೇ ಅಡ್ರಿನಲಿನ್ನಿನ ಹೊಡೆತದಿಂದ ಹೃದಯವನ್ನು ಕಾಯುವುದು. ನಿದ್ದೆ ಬರುತ್ತದೆ ಎನ್ನಿಸಿದರೆ ಹೊತ್ತು ಬದಲಿಸಲು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿ, ನೀವೇ ತೀರ್ಮಾನಿಸಬೇಡಿ. ಅಂದು ಬೀಡಿ ಸಿಗರೇಟು, ಮದ್ಯ, ಕರಿದ ತಿಂಡಿಯ ತಟ್ಟೆ ಹತ್ತಿರ ಬೇಡ. ನಡುರಾತ್ರಿಯ ಪಂದ್ಯವಿದ್ದರೆ ಮಧ್ಯಾಹ್ನ ಒಂದು ಗಂಟೆ ಮಲಗಿ. ವಿರಾಮದ ಹದಿನೈದು ನಿಮಿಷ ಕುಳಿತೇ ಕಳೆಯದೆ ಮನೆಯೊಳಗೇ ಎರಡು ಸುತ್ತು ಹಾಕಿ. ಎದೆಯ ನಡುವೆ ಒತ್ತು, ಬಿಗಿತ, ಉರಿ, ಅದು ತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು, ಕಾರಣವಿಲ್ಲದ ವಾಕರಿಕೆ ಕಂಡರೆ ಪಂದ್ಯ ಮುಗಿಯುವುದನ್ನು ಕಾಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ನೋವೇ ಇಲ್ಲದೆ ಬರಿ ಸುಸ್ತು ಕಾಣಿಸಿಕೊಳ್ಳಬಹುದು. ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ. 108ಕ್ಕೆ ಕರೆಮಾಡಿ, ಅಥವಾ ಕೈಗೆ ಸಿಕ್ಕ ವಾಹನದಲ್ಲಿ ಹೃದಯ ಚಿಕಿತ್ಸೆಯ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ರೋಗಿ ಸ್ವತಃ ಗಾಡಿ ಓಡಿಸಿಕೊಂಡು ಹೋಗುವುದಂತೂ ಕೂಡದು. ಗ್ಯಾಸ್ ಎಂದು ತೀರ್ಮಾನಿಸುವ ಕೆಲಸವನ್ನು ಇಸಿಜಿಗೆ ಬಿಡಿ.

ಟಿ.ವಿ.ಯನ್ನೇ ಮನೆಯಿಂದ ಹೊರಗೆ ಹಾಕಿ ಎಂದು ನಾನು ಹೇಳಲಿಲ್ಲ. ತಾಯಿ ಹೇಳಿಸಲು ನೋಡಿದರು. ಅರವತ್ತೆರಡರ ಗಂಡಸೊಬ್ಬರಿಗೂ ಅವರ ಮಗನಿಗೂ ನಡುವೆ ಉಳಿದಿರುವ ಮಾತು ಅದೊಂದೇ ಎಂದು ನನಗೆ ಅನ್ನಿಸಿತ್ತು. ಒಪ್ಪಂದ ಹೀಗಾಯಿತು: ರಾತ್ರಿ ಹನ್ನೊಂದರೊಳಗೆ ಶುರುವಾಗುವ ಪಂದ್ಯ ಮಾತ್ರ ನೇರ, ಉಳಿದದ್ದು ಮರುದಿನ ಬೆಳಗ್ಗೆ ಫಲಿತಾಂಶ ತಿಳಿದುಕೊಂಡ ಮೇಲೆ. ಫಲಿತಾಂಶ ಗೊತ್ತಿರುವ ಪಂದ್ಯಕ್ಕೆ ಅಡ್ರಿನಲಿನ್ ಅಷ್ಟಾಗಿ ಸುರಿಯುವುದಿಲ್ಲ. ಖರೀದಿ ಮಾರಾಟದ ಸುದ್ದಿ ದಿನಕ್ಕೊಂದೇ ಸಲ, ತಿಂಡಿಯ ಹೊತ್ತಿಗೆ. ಭಾನುವಾರ ಬೆಳಗ್ಗೆ ಇಬ್ಬರೂ ಮೈದಾನಕ್ಕೆ ಹೋಗಬೇಕು. ತಂದೆ ಅಂಚಿನಲ್ಲಿ ನಲವತ್ತು ನಿಮಿಷ ನಡೆಯಬೇಕು, ಮಗ ಒಳಗೆ ಆಡಬೇಕು.

ಮೊನ್ನೆ ಇಬ್ಬರೂ ತಪಾಸಣೆಗೆ ಬಂದಿದ್ದರು. ಮಗನದು 126/82, ತಂದೆಯದು 130/80. ಮೈದಾನದಲ್ಲಿ ಆಡುವ ಹುಡುಗರಲ್ಲಿ ಎಡಗಾಲಿನವನೊಬ್ಬ ಬಹಳ ಚೆನ್ನಾಗಿದ್ದಾನೆ, ಅವನಿಗೆ ಒಳ್ಳೆಯ ಬೂಟ್ಸ್ ಇಲ್ಲ ಎಂದು ತಂದೆ ಹತ್ತು ನಿಮಿಷ ಹೇಳಿದರು. ಏಳುವಾಗ ನಾನು ಸೌಜನ್ಯಕ್ಕೆಂದು ಮಗನನ್ನು ಕೇಳಿದೆ, "ಹೇಗಿದೆಯಪ್ಪ ನಿನ್ನ ಯುನೈಟೆಡ್?"

ಹುಡುಗ ತೋಳಿನ ಪಟ್ಟಿ ಬಿಚ್ಚುತ್ತಿದ್ದವನು ಮತ್ತೆ ಕೈ ಚಾಚಿದ. "ಅದನ್ನ ಕೇಳಿದ ಮೇಲೆ ಇನ್ನೊಂದ್ಸಲ ಬಿಪಿ ನೋಡ್ಬಿಡಿ, ಡಾಕ್ಟ್ರೇ."